ಅಡ್ಕದಲ್ಲಿ ಬಸ್ಸಿಳಿದು ತೋಡಿನ ಬದಿ ಹಿಡಿಯುವುದು

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕ, ಮುಳ್ಳೇರಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಕೂಗುವ ಹೆಸರುಗಳನ್ನು ಕಿವಿಗೊಟ್ಟು ಕೇಳಿದರೆ ಆ ನೆಲದ ಅರ್ಧ ನಕ್ಷೆ ಸಿಕ್ಕಿದ ಹಾಗೆಯೇ. ಅಡ್ಕ ಅಂದರೆ ಮರಗಳಿಲ್ಲದ, ತೆರೆದ, ಒಣ ಸಮತಟ್ಟು ಜಾಗ. ಬದಿಯಡ್ಕ, ಏತಡ್ಕ, ಕಾರಡ್ಕ, ಧರ್ಮತ್ತಡ್ಕ, ಎಲ್ಲದರ ಬಾಲದಲ್ಲೂ ಅದೇ ಇದೆ. ಪದವು ಅಂದರೆ ಗುಡ್ಡದ ನೆತ್ತಿಯ ಹರವು. ನೀರ್ಚಾಲು ಎಂಬ ಹೆಸರಲ್ಲಿ ನೀರೂ ಉಂಟು, ಚಾಲೂ ಉಂಟು. ಮನೆಗಳ ಹೆಸರಿಗೆ ಬಂದರೆ ಇನ್ನೂ ಸಣ್ಣ ಅಳತೆಯ ನಕ್ಷೆ: ಎರಡು ಗುಡ್ಡಗಳ ಸಂದಿಯಲ್ಲಿದ್ದರೆ ಮೂಲೆ, ದಟ್ಟ ಮರಗಳ ತಂಪು ಜಾಗವಾದರೆ ಕಾನ, ಹೊಂಡದ ಬದಿಯಾದರೆ ಪಳ್ಳ, ಇಳಿಜಾರಿನ ನಡುವಿನ ಗದ್ದೆಯಾದರೆ ಮಜಲು, ತಗ್ಗಾದರೆ ಬೈಲು. ಈ ಹೆಸರುಗಳನ್ನು ಎತ್ತರದಿಂದ ತಗ್ಗಿಗೆ ಜೋಡಿಸಿದರೆ ಒಂದು ನಡಿಗೆಯ ದಾರಿ ತಾನಾಗಿ ಬರುತ್ತದೆ. ಪದವು, ಗುಡ್ಡೆ, ತೋಟ, ಬೈಲು, ತೋಡು. ತೋಡು ಅಂದರೆ ಗುಡ್ಡಗಳ ನಡುವೆ ಹರಿಯುವ ಸಣ್ಣ ಹಳ್ಳ.

ಮಂಜೇಶ್ವರದಿಂದ ಹಿಡಿದು ದೇಲಂಪಾಡಿಯವರೆಗೆ ಯಾವ ಊರಿನಲ್ಲಿ ಇಳಿದರೂ ಈ ಕ್ರಮ ಹೆಚ್ಚುಕಡಿಮೆ ಹೀಗೆಯೇ. ರಸ್ತೆಗಳು ಬಹುಪಾಲು ಎತ್ತರದ ಮೇಲೆಯೇ ಹೋಗುತ್ತವೆ, ನೀರು ಕೆಳಗೆ ಹೋಗುತ್ತದೆ. ಹಾಗಾಗಿ ಬಸ್ಸಿಳಿದು ನೀರಿನ ಜೊತೆ ಇಳಿದು, ತೋಡಿನ ಬದಿಯಲ್ಲಿ ಒಂದಷ್ಟು ನಡೆದು, ಇನ್ನೊಂದು ಗುಡ್ಡೆಯ ದಾರಿಯಲ್ಲಿ ಮೇಲೆ ಬಂದು ಬಸ್ಸು ಹಿಡಿದರೆ ಒಂದು ಸುತ್ತು ಮುಗಿಯಿತು. ನಾಲ್ಕು, ನಾಲ್ಕೂವರೆ ಕಿಲೋಮೀಟರ್. ಡಾಮರು ರಸ್ತೆಯಾದರೆ ಒಂದು ಗಂಟೆಯ ಕೆಲಸ. ಇಲ್ಲಿ ಎರಡು ಗಂಟೆ ಇಟ್ಟುಕೊಳ್ಳಿ, ಮಕ್ಕಳಿದ್ದರೆ ಮೂರು. ಗದ್ದೆಯ ಹುಣಿಯ (ಬದುವಿನ) ಮೇಲೆ ಯಾರೂ ಗಂಟೆಗೆ ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು ನಡೆಯಲಾರರು. ನಡೆದರೆ ಕೆಸರಿಗೆ ಬೀಳುತ್ತಾರೆ.

ನೆಲ ಯಾಕೆ ಹೀಗೆ ಎಂಬುದನ್ನು ಮೊದಲೇ ತಿಳಿದಿದ್ದರೆ ದಾರಿ ತಪ್ಪುವುದು ಕಡಿಮೆ. ಗುಡ್ಡದ ನೆತ್ತಿಯಲ್ಲಿರುವುದು ಮುರಕಲ್ಲಿನ (ಜಂಬಿಟ್ಟಿಗೆಯ) ಗಟ್ಟಿ ಚಿಪ್ಪು. ಬಿಸಿಲು ಮಳೆಗೆ ಕಪ್ಪಗಾಗಿ ಬಂಡೆಯ ಹಾಗೆ ಕಂಡರೂ ಒಳಗೆಲ್ಲ ಜೇನುಗೂಡಿನಂತೆ ತೂತು. ಜಿಲ್ಲೆಗೆ ವರ್ಷಕ್ಕೆ ಬೀಳುವ ಸುಮಾರು 3500 ಮಿಲಿಮೀಟರ್ ಮಳೆಯಲ್ಲಿ ಒಂದು ಪಾಲು ಮೇಲಿನಿಂದ ಹರಿದುಹೋದರೆ ಇನ್ನೊಂದು ಪಾಲು ಈ ತೂತುಗಳಲ್ಲಿ ಇಳಿಯುತ್ತದೆ. ಅಡಿಯಲ್ಲಿ ಜೇಡಿಮಣ್ಣಿನ ಪದರ ಸಿಕ್ಕಿದಲ್ಲಿ ನೀರು ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಿದು ಗುಡ್ಡದ ಬುಡದಲ್ಲಿ ಹೊರಗೆ ಬರುತ್ತದೆ. ತೋಟ ಇರುವುದು ಅಲ್ಲಿ, ಮನೆ ಇರುವುದು ಅದರ ಮೇಲಂಚಿನಲ್ಲಿ, ನೀರಿಗಾಗಿ ಸುರಂಗ ಕೊರೆಯುವುದು ಅದಕ್ಕೂ ಸ್ವಲ್ಪ ಮೇಲೆ. ದಾರಿ ತಿಳಿಯದೆ ನಿಂತಾಗ ಇದಿಷ್ಟು ನೆನಪಾದರೆ ಸಾಕು. ಅಡಿಕೆ ಮರದ ತಲೆಗಳು ಕಾಣುವ ಕಡೆಗೆ ಇಳಿದರೆ ಜನ ಸಿಗುತ್ತಾರೆ, ಅದರಾಚೆ ತೋಡು ಸಿಗುತ್ತದೆ.

ತಿಂಗಳು ನೋಡಿ ಹೊರಡಬೇಕು. ಜೂನ್‌ನಿಂದ ಆಗಸ್ಟ್ ನಡುವಿನವರೆಗೆ ತೋಡಿನ ಬದಿ ಬೇಡವೇ ಬೇಡ. ಮೇಲೆ ಪದವಿನಲ್ಲಿ ಸುರಿದ ಮಳೆ ಕೆಳಗಿನ ತೋಡಿಗೆ ಬರಲು ಅರ್ಧ ಗಂಟೆಯೂ ಬೇಡ. ನೀವು ನಿಂತಲ್ಲಿ ಹನಿ ಬೀಳದಿದ್ದರೂ ಮೊಣಕಾಲು ನೀರು ಸೊಂಟಕ್ಕೆ ಬರಬಹುದು. ನೀರಿನ ಬಣ್ಣ ಒಮ್ಮೆಲೇ ಕೆಂಪಾಯಿತು, ಕಸಕಡ್ಡಿ ತೇಲಿ ಬಂತು ಎಂದರೆ ಕೂಡಲೇ ದಡ ಬಿಟ್ಟು ಮೇಲೆ ಹತ್ತಿ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಪದವು ಚಂದ, ಬೈಲೂ ಚಂದ. ತೋಡಿನ ಮಟ್ಟಿಗೆ ನವೆಂಬರ್ ಕೊನೆಯಿಂದ ಜನವರಿ ಒಳ್ಳೆಯದು. ಆಗ ನೀರು ತಿಳಿಯಾಗಿರುತ್ತದೆ, ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುವ ಕೆಲಸ ನಡೆಯುತ್ತಿರುತ್ತದೆ. ಮಾರ್ಚ್ ಬಂದ ಮೇಲೆ ಬೆಳಿಗ್ಗೆ 9 ಗಂಟೆಯೊಳಗೆ ಪದವು ದಾಟಿರಬೇಕು. ಮುರಕಲ್ಲು ಕಾದರೆ ಬಿಸಿ ಮೇಲಿಂದಲ್ಲ, ಕೆಳಗಿಂದ ಹೊಡೆಯುತ್ತದೆ. ತಲೆಗೆ ಟೊಪ್ಪಿ ಇದ್ದರೂ ಪ್ರಯೋಜನವಿಲ್ಲ.

ಕೈಯಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ. ಒಬ್ಬರಿಗೆ 1 ಲೀಟರ್ ನೀರು, ಬೇಸಿಗೆಯಲ್ಲಿ ಅದರ ಎರಡರಷ್ಟು. ಒಂದು ಪೊಟ್ಟಣ ಉಪ್ಪು. ಎದೆಯ ಮಟ್ಟದ ಒಂದು ಕೋಲು. ಅಡಿಕೆ ಮರದ ಸಲಕೆಯಾದರೆ ಹಗುರ, ಬಿದಿರಾದರೆ ಬಾಳಿಕೆ. ಮಳೆಯಂಗಿಗಿಂತ ಕೊಡೆ ಮೇಲು. ಗುಡ್ಡೆ ಹತ್ತುವಾಗ ಮಳೆಯಂಗಿಯ ಒಳಗೆ ಬೆವರಿ ಹೊರಗಿಗಿಂತ ಒಳಗೇ ಹೆಚ್ಚು ಒದ್ದೆಯಾಗುತ್ತದೆ. ಕೊಡೆಯಾದರೆ ನಾಯಿಗೂ ಆಗುತ್ತದೆ. ಕಾಲಿಗೆ ದುಬಾರಿ ಶೂ ಬೇಡ. ತೋಟದ ಕೆಲಸಕ್ಕೆ ಹಾಕುವ, ಅಡಿಯಲ್ಲಿ ಹಲ್ಲು ಇರುವ ಅಗ್ಗದ ರಬ್ಬರ್ ಶೂ ಎಲ್ಲದಕ್ಕೂ ಒಳ್ಳೆಯದು. ನೀರು ತುಂಬಿದರೆ ಮಗುಚಿ ಚೆಲ್ಲಿ ನಡೆಯಬಹುದು. ಹವಾಯಿ ಚಪ್ಪಲಿ ಮಾತ್ರ ಬೇಡ. ಕೆಸರಿನಲ್ಲಿ ಹಿಮ್ಮಡಿ ಹಿಂದಕ್ಕೆ ಜಾರಿ ಬಾರು ಕಿತ್ತುಬರುವುದು ಯಾವಾಗಲೂ ಸಂಕದ (ಕಾಲುಸೇತುವೆಯ) ನಡುವೆಯೇ.

ಈಗ ಪದವು. ಬೇಸಿಗೆಯಲ್ಲಿ ನೋಡಿದವರಿಗೆ ಇದು ಸುಟ್ಟ ಬಂಡೆ. ಓಣಂ ಆಸುಪಾಸಿನಲ್ಲಿ ಬಂದರೆ ಅದೇ ಜಾಗ ನೀಲಿಯಾಗಿರುತ್ತದೆ. ಮಲಯಾಳದಲ್ಲಿ ಕಾಕ್ಕಪೂ ಎನ್ನುವ ಈ ನೀಲಿ ಹೂವನ್ನು ಓಣಂನ ಹೂರಂಗೋಲಿ ಪೂಕ್ಕಳಕ್ಕೆಂದು ಮಕ್ಕಳು ಕಿತ್ತು ತರುತ್ತಾರೆ. ಕುಕ್ಕರಗಾಲಲ್ಲಿ ಕೂತು ನೋಡಿದರೆ ಗಿಡಕ್ಕೆ ಎಲೆ ಎಂದು ಹೇಳುವಂಥದ್ದು ಕಾಣುವುದಿಲ್ಲ. ಬೇರಿನ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳು. ಆ ಚೀಲಗಳೇ ಅದರ ಬಾಯಿ. ನೀರಿನಲ್ಲಿರುವ ಅತಿಸಣ್ಣ ಜೀವಿಗಳು ಮುಟ್ಟಿದೊಡನೆ ಒಳಗೆ ಎಳೆದುಕೊಂಡು ಜೀರ್ಣಿಸುತ್ತವೆ. ಚಿಪ್ಪಿನ ಮೇಲೆ ಮಣ್ಣೇ ಇಲ್ಲ, ಸಾರಜನಕ ಸಿಗುವುದು ಹೀಗೆ. ಅದರ ಬದಿಯಲ್ಲೇ ಬಿಳಿ ಗುಂಡಿಯಂತೆ ನಿಂತಿರುವುದು ಇರಿಯೊಕಾಲನ್. ಅಂಟು ಹನಿಗಳ ಕೆಂಪು ಗಿಡ ಡ್ರೋಸೆರಾ, ಅದೂ ಹುಳ ತಿನ್ನುವುದೇ. ಇಷ್ಟೆಲ್ಲ ಬೆಳೆಯುವುದು ಒಂದು ಅಂಗುಲ ನೀರು ನಿಂತ ಗುಳಿಯಲ್ಲಿ. ಬೈಕು ಹತ್ತಿಸಿದರೆ ಮುಗಿಯಿತು.

ಮಾರ್ಚ್‌ನಿಂದ ಆಗಸ್ಟ್ ನಡುವೆ ಪದವಿನ ಮೇಲೆ ಟಿಟ್ಟಿಭ ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಅದರ ಮೊಟ್ಟೆ ಹತ್ತಿರದಲ್ಲೇ ಇದೆ ಎಂದರ್ಥ. ಗೂಡೆಂದರೆ ನಾಲ್ಕು ಜಲ್ಲಿಕಲ್ಲು ಸರಿಸಿದ ತಗ್ಗು ಅಷ್ಟೇ, ಮೊಟ್ಟೆಗಳೂ ಜಲ್ಲಿಯ ಬಣ್ಣದವೇ. ಹುಡುಕಲು ಹೋದರೆ ತುಳಿಯುವುದೇ ಹೆಚ್ಚು. ಬಂದ ದಾರಿಯಲ್ಲೇ ಇಪ್ಪತ್ತು ಹೆಜ್ಜೆ ಹಿಂದೆ ಬಂದು ಸುತ್ತು ಹಾಕಿ ಹೋಗಿ.

ಪದವಿನಲ್ಲಿ ನಿಜವಾಗಿ ಹೆದರಬೇಕಾದ್ದು ಎರಡಕ್ಕೆ. ಒಂದು ಕೆಂಪುಕಲ್ಲು ತೆಗೆದು ಬಿಟ್ಟ ಕೋರೆ. ಯಂತ್ರದಿಂದ ಕೊಯ್ದ ಗೋಡೆ ನೆಟ್ಟಗೆ ಇರುತ್ತದೆ, ಹತ್ತಲು ಮೆಟ್ಟಿಲು ಇರುವುದಿಲ್ಲ, ಅಂಚಿಗೆ ಆಳೆತ್ತರ ಹುಲ್ಲು ಬೆಳೆದಿರುತ್ತದೆ. ಮಳೆಗಾಲದ ನಂತರ ನೀರು ತುಂಬಿ ಈಜುಕೊಳದ ಹಾಗೆ ಕಾಣುತ್ತದೆ. ಇಳಿದವರು ಹತ್ತಲಾರರು, ಎಷ್ಟು ಈಜು ಬಂದರೂ ಅಷ್ಟೇ. ಹಸಿರು ಪದವಿನಲ್ಲಿ ಗೆರೆ ಎಳೆದ ಹಾಗೆ ನೇರ ಅಂಚು ಕಂಡರೆ ಅದು ಕೋರೆ. ಪ್ರಕೃತಿಯಲ್ಲಿ ಅಷ್ಟು ನೇರದ ಗೆರೆ ಇಲ್ಲ. ಇನ್ನೊಂದು ಸಿಡಿಲು. ತುಲಾವರ್ಷದ, ಅಂದರೆ ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆಯ ದಿನಗಳಲ್ಲಿ ಬೆಳಿಗ್ಗೆ ಆಕಾಶ ತೊಳೆದ ಹಾಗಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ಪೂರ್ವದಲ್ಲಿ ಕಪ್ಪೇರುತ್ತದೆ. ಮಧ್ಯಾಹ್ನ 2ರಿಂದ ರಾತ್ರಿ 10ರ ನಡುವೆ ಸಿಡಿಲಿನ ಅಪಾಯ ಹೆಚ್ಚು ಎಂಬುದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರದ ಎಚ್ಚರಿಕೆ. ಒಂದು ಮರವೂ ಇಲ್ಲದ ಪದವಿನಲ್ಲಿ ಆಗ ಎತ್ತರದ ವಸ್ತು ನೀವೇ. ಆ ತಿಂಗಳುಗಳಲ್ಲಿ 1 ಗಂಟೆಯೊಳಗೆ ಇಳಿದುಬಿಡಿ.

ಪದವಿನ ಅಂಚಿನಿಂದ ಇಳಿಯುವ ಗುಡ್ಡೆಯನ್ನು ಹೊಸಬರು ಕಾಡು ಅನ್ನುತ್ತಾರೆ. ಊರವರಿಗೆ ಅದು ಸೊಪ್ಪಿನ ಗುಡ್ಡೆ. 1956ರವರೆಗೆ ಈ ಪ್ರದೇಶ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಲ್ಲ, ಆ ಜಿಲ್ಲೆಯ ಕುಮ್ಕಿ ಪದ್ಧತಿಯಲ್ಲಿ ಕೃಷಿಭೂಮಿಯ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಕಟ್ಟಿಗೆ ತರುವ ಸವಲತ್ತು ರೈತನಿಗಿತ್ತು. ಗುಡ್ಡೆಯಲ್ಲಿ ಈಗಲೂ ಕಾಣುವ ಕಾಲುದಾರಿಗಳು ಹೆಚ್ಚಿನವು ಸೊಪ್ಪಿನ ಹೊರೆ ಹೊತ್ತು ಇಳಿದವರು ಮಾಡಿದ್ದು. ಅದಕ್ಕೇ ಅವು ನೇರ ಇಳಿಯದೆ ಓರೆಯಾಗಿ ಇಳಿಯುತ್ತವೆ. ತಲೆಹೊರೆಯವರ ದಾರಿ ಮೊಣಕಾಲಿಗೆ ಹಿತ. ನೇರ ಇಳಿಯುವ ಗೀರು ಕಂಡರೆ ಅದು ಮಳೆನೀರಿನದು, ಅದರಲ್ಲಿ ಹೋಗಬೇಡಿ. ಕೆಳಗೆ ಎಲ್ಲೋ ಒಂದು ಕಡೆ ಆಳೆತ್ತರದ ಬರೆಯಲ್ಲಿ (ಕಡಿದಾದ ಮಣ್ಣಿನ ಗೋಡೆಯಲ್ಲಿ) ಮುಗಿದಿರುತ್ತದೆ.

ಅಕೇಶಿಯ ನೆಟ್ಟ ಗುಡ್ಡೆಯಲ್ಲಿ ಬೇರೆ ತೊಂದರೆ. ಒಣಗಿದ ಎಲೆ ಸುರುಳಿ ಸುತ್ತಿಕೊಂಡು ಮುರಕಲ್ಲಿನ ಜಲ್ಲಿಯ ಮೇಲೆ ಬಿದ್ದಿರುತ್ತದೆ, ಬೇಸಿಗೆಯಲ್ಲಿ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ. ಇಳಿಯುವಾಗ ಪಾದ ಅಡ್ಡವಿಟ್ಟು, ಕೋಲನ್ನು ಕೆಳಗಿನ ಬದಿಗೆ ಊರಿ. ಹಿಡಿದುಕೊಳ್ಳಲು ಸಿಕ್ಕಿದ ಮರವನ್ನೆಲ್ಲ ಹಿಡಿಯಬೇಡಿ. ಚೇರೆ ಮರದ ಸೊನೆ ತಾಗಿದರೆ ಮೈ ಕೆಂಪಾಗಿ ಬಾತು ಗುಳ್ಳೆ ಏಳುತ್ತದೆ, ಕೆಲವರಿಗೆ ಮರದಡಿ ಹೋದರೂ ಸಾಕು. ತೊಗಟೆಯ ಮೇಲೆ ಕಪ್ಪು ಬಣ್ಣ ಇಳಿದ ಗೆರೆಗಳಿದ್ದರೆ ದೂರ ಇರಿ. ತಾಗಿದ್ದು ಗೊತ್ತಾದ ಕೂಡಲೇ ಸಾಬೂನು ಹಾಕಿ ತೊಳೆದರೆ ಅರ್ಧ ಉಳಿದಂತೆ. ಡಿಸೆಂಬರ್ ನಂತರ ನಸುಗುನ್ನಿ ಬಳ್ಳಿಯ ಕಾಯಿಗಳು ಒಣಗಿ ಕಂದು ರೋಮ ಗಾಳಿಗೆ ಉದುರುತ್ತದೆ. ಅದು ಕೂತಲ್ಲಿ ಉಜ್ಜಬಾರದು, ಉಜ್ಜಿದರೆ ಒಳಗೆ ಹೋಗುತ್ತದೆ. ಅಂಟುಪಟ್ಟಿ ಅಂಟಿಸಿ ಎಳೆದು ತೆಗೆಯಬೇಕು, ಇಲ್ಲವಾದರೆ ಕೆಸರು ಮೆತ್ತಿ ಒಣಗಿಸಿ ಉದುರಿಸಬೇಕು.

ಇದೇ ಇಳಿಜಾರಿನಲ್ಲಿ ಕಾಸರಕನ ಮರವೂ ಸಿಗುತ್ತದೆ. ಕಿತ್ತಳೆ ಬಣ್ಣದ, ನಿಂಬೆಗಿಂತ ಸ್ವಲ್ಪ ದೊಡ್ಡ ಗುಂಡು ಹಣ್ಣು, ನೋಡಲು ಬಾಯಲ್ಲಿ ನೀರೂರುವ ಹಾಗಿರುತ್ತದೆ. ಒಳಗಿನ ಬೀಜದಲ್ಲಿ ಸ್ಟ್ರಿಕ್ನಿನ್ ವಿಷ. ಕಾಸರಗೋಡು ಎಂಬ ಹೆಸರು ಈ ಮರದಿಂದ ಬಂತು ಎನ್ನುವವರಿದ್ದಾರೆ. ಹೆಸರಿನ ಮೂಲ ಏನೇ ಇರಲಿ, ಜಿಲ್ಲಾ ಪಂಚಾಯತ್ ಇದನ್ನೇ ಜಿಲ್ಲೆಯ ಮರವೆಂದು ಘೋಷಿಸಿದೆ. ಮಕ್ಕಳು ಜೊತೆಗಿದ್ದರೆ ಮೊದಲು ತೋರಿಸಬೇಕಾದ ಮರ ಇದು. ತಿನ್ನುವ ಆಸೆಗೆ ಕುಂಟಲ, ಕೇಪಳ, ಚೂರಿಮುಳ್ಳು, ಕಾಟುಮಾವು ಬೇಕಾದಷ್ಟಿವೆ, ಅವುಗಳ ತಿಂಗಳಲ್ಲಿ ಬಂದರೆ.

ಉಂಬಳದ (ಜಿಗಣೆಯ) ಬಗ್ಗೆ ಹೊಸಬರಿಗೆ ಇರುವ ಹೆದರಿಕೆ ದೊಡ್ಡದು, ಉಂಬಳ ಸಣ್ಣದು. ನೆರಳು ಮತ್ತು ಒದ್ದೆ ತರಗೆಲೆ ಇರುವಲ್ಲಿ ಅಕ್ಟೋಬರ್‌ವರೆಗೆ ಇರುತ್ತದೆ. ನಿಂತರೆ ಹತ್ತುತ್ತದೆ, ಆದ್ದರಿಂದ ಅಲ್ಲಿ ನಿಂತು ಫೋಟೊ ತೆಗೆಯಬೇಡಿ. ಕಚ್ಚಿದ್ದನ್ನು ಜಗ್ಗಿ ಎಳೆಯದೆ ಉಪ್ಪು ತಾಗಿಸಿ, ಅಥವಾ ಉಗುರನ್ನು ಅದರ ಬಾಯಿಯ ಬುಡಕ್ಕೆ ಓರೆಯಾಗಿ ಸರಿಸಿ ಬಿಡಿಸಿ. ರಕ್ತ ನಿಲ್ಲಲು ತಡವಾಗುತ್ತದೆ, ಹೆಪ್ಪುಗಟ್ಟದ ಹಾಗೆ ಮಾಡುವ ದ್ರವವನ್ನು ಅದು ಮೊದಲೇ ಬಿಟ್ಟಿರುತ್ತದೆ. ಹತ್ತು ನಿಮಿಷ ಒತ್ತಿ ಹಿಡಿದರೆ ಸಾಕು.

ಹಾವು ಬೇರೆ ಮಾತು. ತರಗೆಲೆಯ ಬಣ್ಣದ, ಮೂಗಿನ ತುದಿ ಮೇಲೆತ್ತಿದ ಒಂದು ಸಣ್ಣ ಕುಳಿಮಂಡಲ ಈ ಗುಡ್ಡೆಗಳಲ್ಲೂ ತೋಟಗಳಲ್ಲೂ ಇದೆ. ನಮ್ಮಲ್ಲಿ ಸಿಗುವ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಈ ಕುಳಿಮಂಡಲಕ್ಕೆ ಅದು ಹಿಡಿಯುವುದಿಲ್ಲ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು ಯಾವುದೂ ಬೇಡ. ಕಾಲು ಅಲುಗಾಡದ ಹಾಗೆ ಕೋಲು ಕಟ್ಟಿ, ನಡೆಸದೆ ಹೊತ್ತು ಆಸ್ಪತ್ರೆಗೆ ಸಾಗಿಸಬೇಕು. ಹಾವಿನ ಫೋಟೊ ದೂರದಿಂದ ಸಿಕ್ಕಿದರೆ ವೈದ್ಯರಿಗೆ ಉಪಕಾರ, ಅದಕ್ಕಾಗಿ ಬೆನ್ನಟ್ಟಬೇಡಿ. ಕೂರುವ ಮೊದಲು, ಕೈ ಊರುವ ಮೊದಲು ಕೋಲಿನಿಂದ ತರಗೆಲೆ ಕೆದಕಿ ನೋಡುವ ಅಭ್ಯಾಸ ಒಂದಿದ್ದರೆ ಈ ಪ್ಯಾರಾ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಕಾರಡ್ಕ, ಮುಳಿಯಾರು, ದೇಲಂಪಾಡಿಯ ಕಾಡಂಚಿನಲ್ಲಾದರೆ ಆನೆ ಇಳಿಯುವುದುಂಟು. ಅಲ್ಲಿ ಬೆಳಕು ಹರಿದ ಮೇಲೆಯೇ ಹೊರಡಿ, ಸಂಜೆ 5ಕ್ಕೆ ರಸ್ತೆಗೆ ಬನ್ನಿ. ಉಳಿದ ಕಡೆ ಕಾಡುಹಂದಿಗೆಂದು ಹಾಕಿದ ತಂತಿ ಇರುತ್ತದೆ. ಸೌರಬೇಲಿಯಾದರೆ ಟಿಕ್ ಟಿಕ್ ಎಂದು ಬಿಟ್ಟು ಬಿಟ್ಟು ಹೊಡೆಯುತ್ತದೆ, ನೋವಾಗುತ್ತದೆ, ಕೈ ಬಿಡಿಸಿಕೊಳ್ಳಬಹುದು. ಮನೆಯ ಕರೆಂಟನ್ನು ನೇರ ಕೊಟ್ಟ ಕಳ್ಳತಂತಿ ಬಿಡುವುದಿಲ್ಲ. ನೋಡಿ ಯಾವುದೆಂದು ಹೇಳಲು ಬರುವುದಿಲ್ಲವಾದ್ದರಿಂದ ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಎಳೆದ ಯಾವ ತಂತಿಯನ್ನೂ ದಾಟಬೇಡಿ.

ಗುಡ್ಡೆ ಮುಗಿಯುವಲ್ಲಿ, ಬರೆಯ ಮೈಯಲ್ಲಿ, ಜರಿಗಿಡದ ಮರೆಯಲ್ಲಿ ಒಂದು ಕಪ್ಪು ಬಾಯಿ ಕಂಡರೆ ಅದು ಸುರಂಗ. ಬಾಯಾರು, ಪೈವಳಿಕೆ ಕಡೆ ಒಂದೊಂದು ಮನೆಗೆ ಒಂದಕ್ಕಿಂತ ಹೆಚ್ಚು ಇರುವುದೂ ಉಂಟು. ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟು ಎತ್ತರ, ಅವನ ಭುಜದಷ್ಟೇ ಅಗಲ. ನೆಲ ಸಣ್ಣಗೆ ಹೊರಬದಿಗೆ ಇಳಿಜಾರು. ಒಳಗೆ ಎಲ್ಲೋ ಜೇಡಿ ಪದರದ ಮೇಲೆ ಒಸರುವ ನೀರು ಪಂಪೂ ಇಲ್ಲದೆ ಕರೆಂಟೂ ಇಲ್ಲದೆ ಹೊರಗೆ ಬಂದು ತೊಟ್ಟಿಗೆ ಬೀಳುತ್ತದೆ. ಬೀಳುವುದು ಹಿಂದೆಲ್ಲ ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಂಬೆಯಲ್ಲಿ, ಈಗ ಹೆಚ್ಚಾಗಿ ಪಿವಿಸಿ ಪೈಪಿನಲ್ಲಿ. ಹೆಬ್ಬೆರಳು ಗಾತ್ರದ ನೀರು ಅಷ್ಟೇ. ಆದರೆ ಅದು ಏಪ್ರಿಲ್‌ನಲ್ಲೂ ಬೀಳುತ್ತಿದ್ದರೆ ಆ ಮನೆಯವರು ಶ್ರೀಮಂತರು. ಒಳಗೆ ಇಣುಕಲು ಹೋಗಬೇಡಿ. ಗಾಳಿ ಆಡದ ಜಾಗದಲ್ಲಿ ಉಸಿರಿಗೆ ಕಷ್ಟ. ಕೊರೆಯುವವರೇ ದೀಪ ಹಿಡಿದು ಹೋಗುತ್ತಿದ್ದುದು ಬೆಳಕಿಗೆ ಮಾತ್ರ ಅಲ್ಲ, ದೀಪ ಮಂಕಾದರೆ ಹಿಂದೆ ಬರಬೇಕೆಂದು ತಿಳಿಯಲು. ಅಷ್ಟಕ್ಕೂ ಅದು ಯಾರದೋ ಮನೆಯ ಕುಡಿಯುವ ನೀರು. ಕಾಲಿಟ್ಟರೆ ಬಗ್ಗಡವಾಗುತ್ತದೆ. ಬಾಯಾರಿದರೆ ಕೇಳಿ ಕುಡಿಯಿರಿ.

ಸುರಂಗ ಕಂಡಿತೆಂದರೆ ತೋಟ ಬಂತು, ಮನೆ ಬಂತು. ಇಲ್ಲಿಂದ ಮುಂದೆ ನೀವು ನಡೆಯುವುದು ಬೇರೆಯವರ ಹಿತ್ತಲಲ್ಲಿ. ಬೇಲಿಗೆ ತಡಮೆ ಇದ್ದಲ್ಲಿ ದಾರಿ ಉಂಟೆಂದು ಲೆಕ್ಕ. ಎರಡು ಕಂಬಗಳ ನಡುವೆ ಅಡ್ಡಕೋಲು ಹಾಕಿ, ಮನುಷ್ಯ ದಾಟುವ ಹಾಗೆ, ದನ ದಾಟದ ಹಾಗೆ ಮಾಡಿದ್ದು. ಸರಿಸಿದ ಕೋಲನ್ನು ಹಾಗೆಯೇ ಹಿಂದಕ್ಕೆ ಇಡಬೇಕು. ಮರೆತರೆ ಸಂಜೆಗೆ ದನ ಬಾಳೆಗೆ ನುಗ್ಗುತ್ತದೆ, ಮುಂದಿನ ವರ್ಷ ಅಲ್ಲಿ ತಡಮೆಯ ಬದಲು ಬೀಗ ಹಾಕಿದ ಗೇಟು ಇರುತ್ತದೆ. ನಾಯಿ ಬೊಗಳಿದರೆ ಓಡದೆ ನಿಂತು, ಮನೆಯ ಕಡೆಗೆ ಜೋರಾಗಿ ಕೂಗಿ ಕೇಳಿ.

"ಅಣ್ಣಾ, ತೋಡಿನ ಬದಿಗೆ ಇಲ್ಲಿಂದ ದಾರಿ ಉಂಟಾ?"

"ಉಂಟು. ಕಣಿಯ ಬದಿಯಲ್ಲೇ ಹೋಗಿ. ಎರಡು ಸಂಕ ಸಿಗ್ತದೆ, ಎರಡನೇದು ಹಳತು, ಅದರಲ್ಲಿ ಹೋಗ್ಬೇಡಿ. ಎಲ್ಲಿಂದ ಬಂದದ್ದು? ಆಸರಿಗೆ ಏನಾದ್ರೂ ಬೇಕಾ?"

ಕಣಿ ಅಂದರೆ ತೋಟದ ನೀರು ಹೋಗುವ ಚರಂಡಿ, ಆಸರಿಗೆ ಅಂದರೆ ಬಾಯಾರಿಕೆಗೆ ಕುಡಿಯಲು. ಈ ಕಡೆಯ ಒಂದು ಸುಖ ಏನೆಂದರೆ ಕನ್ನಡದಲ್ಲಿ ಕೇಳಿದರೂ ತುಳುವಿನಲ್ಲಿ ಕೇಳಿದರೂ ಮಲಯಾಳದಲ್ಲಿ ಕೇಳಿದರೂ ತೋಡು ತೋಡೇ. ನಕ್ಷೆಯ ಆ್ಯಪು ತೋರಿಸದ ಎರಡನೇ ಸಂಕದ ಸುದ್ದಿ ಇಂಥ ಒಂದು ಪ್ರಶ್ನೆಗೆ ಸಿಗುತ್ತದೆ. ಬೆಲ್ಲ ನೀರು ಕೊಟ್ಟರೆ ಕೂತು ಕುಡಿದು ಹೋಗಿ, ಅವಸರದಲ್ಲಿ ಬೇಡ ಅನ್ನಬೇಡಿ.

ತೋಟದೊಳಗೆ ತಲೆಯ ಮೇಲೂ ಕಣ್ಣಿರಲಿ. ಒಣಗಿದ ಅಡಿಕೆ ಸೋಗೆ ಹಾಳೆ ಸಮೇತ ಬಿದ್ದರೆ ಏಟು ಸಣ್ಣದಲ್ಲ, ತೆಂಗಿನ ಮಡಲಂತೂ ಕೇಳುವುದೇ ಬೇಡ. ತೆಂಗಿನ ಮರದಡಿ ವಿಶ್ರಾಂತಿಗೆ ಕೂರುವವರು ಪೇಟೆಯವರು ಮಾತ್ರ. ಮಳೆಗಾಲದ ಮುಂಚೆ ಮತ್ತು ಅದಾಗಿ 40-45 ದಿನಕ್ಕೆ ಇನ್ನೊಮ್ಮೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ಕಣ್ಣಿಗೆ ಬಿದ್ದರೆ ಉರಿ, ಅಂಗಿಗೆ ಬಿದ್ದರೆ ನೀಲಿ ಕಲೆ ಹೋಗುವುದಿಲ್ಲ. ಮರದ ಮೇಲೆ ಜನ ಇದ್ದರೆ ಆ ಸಾಲು ಬಿಟ್ಟು ಸುತ್ತಿ ಹೋಗಿ. ಕೊಯ್ಲಿನ ಸಮಯದಲ್ಲಿ ಉದುರಿದ ಅಡಿಕೆಯ ಮೇಲೆ ಕಾಲಿಟ್ಟರೆ ಕಾಲಡಿಗೆ ಗೋಲಿ ಸಿಕ್ಕಿದ ಹಾಗೆ. ಕಣಿ ದಾಟುವಾಗ ಅದರ ಅಂಚು ತುಳಿಯದೆ ಹಾರಿ ದಾಟಿ. ಅಂಚು ಕುಸಿದು ಕಣಿ ಮುಚ್ಚಿದರೆ ನೀರು ಬುಡದಲ್ಲಿ ನಿಂತು ಮರ ಹಳದಿಯಾಗುತ್ತದೆ.

ತೋಟದ ಕೆಳಗೆ ಬೈಲು. ಎತ್ತರದ ಬೆಟ್ಟು ಗದ್ದೆಗೆ ಮಳೆಗಾಲದ ಏಣೆಲು ಒಂದೇ ಬೆಳೆ, ಮಜಲಿಗೆ ಏಣೆಲು, ಚಳಿಗಾಲದ ಸುಗ್ಗಿ ಎರಡು, ಬೈಲಿಗೆ ಬೇಸಿಗೆಯ ಕೊಳಕೆ ಸೇರಿ ಮೂರು ಎಂಬುದು ಹಳೆಯ ಲೆಕ್ಕ. ಈಗ ಮೂರು ಬೆಳೆ ತೆಗೆಯುವ ಬೈಲು ಅಪರೂಪ, ಬೈಲೇ ಅಪರೂಪವಾಗುತ್ತಿದೆ. 2008ರ ಗದ್ದೆ ಸಂರಕ್ಷಣೆಯ ಕಾನೂನು ಬರುವುದರೊಳಗೆ ಬಹಳಷ್ಟು ಕಡೆ ಮಣ್ಣು ತುಂಬಿ ಅಡಿಕೆ ನಿಂತಾಗಿತ್ತು. ಉಳಿದಿರುವಲ್ಲಿ ನಡೆಯುವ ಕ್ರಮ ಇಷ್ಟೆ. ಹುಣಿಯ ನಡುವೆಯೇ ಪಾದ ಇಡಬೇಕು, ಅಂಚಿಗೆ ಇಟ್ಟರೆ ಒಡೆಯುತ್ತದೆ. ಉಳುವ ಹೊತ್ತಿಗೆ ಹುಣಿಗೆ ಹೊಸ ಕೆಸರು ಮೆತ್ತಿ ನುಣ್ಣಗೆ ಮಾಡಿರುತ್ತಾರೆ, ಒಂದು ವಾರದವರೆಗೆ ಅದರ ಮೇಲೆ ನಡೆಯಲೇಬಾರದು. ಏಡಿಯ ತೂತು ಮುಚ್ಚಿ ನೀರು ನಿಲ್ಲಿಸಲೆಂದೇ ಮೆತ್ತಿದ್ದು ಅದು. ನಿಮ್ಮ ಒಂದು ಹೆಜ್ಜೆ ಗುರುತಿನಿಂದ ಮೇಲಿನ ಗದ್ದೆಯ ನೀರು ರಾತ್ರಿ ಕಳೆಯುವುದರೊಳಗೆ ಕೆಳಗಿನ ಗದ್ದೆಗೆ ಇಳಿದಿರುತ್ತದೆ. ನೀರು ಬಿಡಲು ಹುಣಿಯನ್ನು ಕಡಿದ ಜಾಗ ಸಿಕ್ಕಿದರೆ ದಾಟಿ ಹೋಗಿ, ಕಲ್ಲು ಹಾಕಿ ಮುಚ್ಚುವ ಉಪಕಾರ ಮಾಡಬೇಡಿ. ಕಾಲಲ್ಲಿ ಗಾಯ ಇದ್ದರೆ ನಿಂತ ನೀರಿಗೆ ಇಳಿಯಬೇಡಿ, ಇಲಿಜ್ವರ ಬರುವುದು ಹೀಗೆ. ಇಳಿದ ಮೇಲೆ ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು ಬಂದರೆ ಗದ್ದೆಗೆ ಇಳಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ.

ಬೈಲಿನಾಚೆಯ ಅಂಚಿಗೆ ಮುಂಡುಗದ ಸಾಲು ಕಂಡಿತೇ, ಅದೇ ತೋಡು. ಮುಳ್ಳೆಲೆಯ ಈ ಗಿಡದ ಬೇರು ದಡವನ್ನು ಹಿಡಿದಷ್ಟು ಗಟ್ಟಿಯಾಗಿ ಕಗ್ಗಲ್ಲಿನ ಗೋಡೆಯೂ ಹಿಡಿಯುವುದಿಲ್ಲ. ಕಡಿದು ಕಾಂಕ್ರೀಟು ಕಟ್ಟಿದಲ್ಲಿ ಎರಡು ಮಳೆಗಾಲದಲ್ಲಿ ಗೋಡೆಯ ಬುಡ ಕೊರೆದು ನಿಂತದ್ದನ್ನು ಬೇಕಾದಷ್ಟು ಕಡೆ ನೋಡಬಹುದು. ತೋಡಿನ ಬದಿಯ ಕಾಲುದಾರಿ ಒಂದೇ ದಡದಲ್ಲಿ ಉದ್ದಕ್ಕೂ ಇರುವುದಿಲ್ಲ. ತೋಟ ದಡಕ್ಕೆ ತಾಗಿದ ಬದಿ ಬಿಟ್ಟು, ಗದ್ದೆ ಇರುವ ಬದಿಗೆ ದಾಟುತ್ತ ಹೋಗುತ್ತದೆ. ದಾಟುವುದು ಸಂಕದಲ್ಲಿ ಅಥವಾ ಕಟ್ಟದ ಮೇಲೆ.

ಅಡಿಕೆ ಮರದ ಸಂಕವನ್ನು ನಂಬುವ ಮೊದಲು ನೋಡಬೇಕಾದ್ದು ನಡುವನ್ನಲ್ಲ, ತುದಿಗಳನ್ನು. ಮಣ್ಣಿಗೆ ತಾಗಿದ ತುದಿ ಮೊದಲು ಕುಂಬಾಗುತ್ತದೆ. ಹೊರಗಿನ ಸಿಪ್ಪೆ ಕಬ್ಬಿಣದಂತೆ ಗಟ್ಟಿ ಇದ್ದು ಒಳಗೆ ಹುಡಿಯಾಗಿರುತ್ತದೆ. ಕೋಲಿನ ತುದಿಯಿಂದ ಕುಟ್ಟಿ ನೋಡಿ. ಟಣ್ ಎಂದರೆ ಸರಿ, ಬೊದ್ ಎಂದರೆ ಬಿಡಿ. ಹಿಮ್ಮಡಿಯಿಂದ ಒತ್ತಿದಾಗ ನೀರು ಒಸರಿದರೂ ಬಿಡಿ. ಎರಡು ಮಳೆಗಾಲ ಕಂಡ ಸಂಕವೆಂದು ಊರವರು ಹೇಳಿದರೆ ಪರೀಕ್ಷೆಯೂ ಬೇಡ, ನೀರಿಗೆ ಇಳಿದು ದಾಟಿ. ಸರಿಯಿರುವ ಸಂಕದ ಮೇಲೂ ಒಬ್ಬೊಬ್ಬರೇ. ಇಬ್ಬರು ಹೋದರೆ ಮರಗಳು ಬೇರೆ ಬೇರೆ ತಾಳಕ್ಕೆ ಕುಣಿಯುತ್ತವೆ. ಪಾದ ಸ್ವಲ್ಪ ಓರೆ ಇಟ್ಟು ಎರಡು ಮರಗಳ ಮೇಲೂ ಭಾರ ಬೀಳುವ ಹಾಗೆ ನಡೆಯಿರಿ, ನೀರನ್ನು ನೋಡದೆ ಆಚೆ ತುದಿಯನ್ನು ನೋಡಿ. ಮಳೆಗಾಲದಲ್ಲಿ ಪಾಚಿ ಹಿಡಿದಿದ್ದರೆ ಒಂದು ಗೋಣಿಚೀಲ ಹಾಸಿದರೆ ಜಾರುವುದಿಲ್ಲ.

ನವೆಂಬರ್ ಕೊನೆಯಲ್ಲಿ, ಡಿಸೆಂಬರ್‌ನಲ್ಲಿ ಬಂದವರು ಕಟ್ಟ ಹಾಕುವಲ್ಲಿ ಅರ್ಧ ಗಂಟೆ ನಿಲ್ಲಲೇಬೇಕು. ಏತಡ್ಕದ ಕಡೆ ಸಾಲುಸಾಲಾಗಿ ಹಾಕುವ ಕಟ್ಟಗಳು ಹೆಸರುವಾಸಿ. ತೋಡಿಗೆ ಅಡ್ಡವಾಗಿ ಕಾಡುಕಲ್ಲಿನ ಎರಡು ಸಾಲು, ನಡುವೆ ಮಣ್ಣು. ಹೇಳಲು ಇಷ್ಟೆ, ಮಾಡುವುದರಲ್ಲಿ ಸೂಕ್ಷ್ಮ ಇದೆ. ಮಣ್ಣನ್ನು ಒಮ್ಮೆಗೇ ತುಂಬುವುದಿಲ್ಲ. ಒಂದು ಗೇಣು ಹಾಕಿ, ನೀರು ಚಿಮುಕಿಸಿ, ನಾಲ್ಕು ಜನ ಭುಜ ಹಿಡಿದು ತುಳಿದು, ಮತ್ತೆ ಒಂದು ಗೇಣು. ಒಣಮಣ್ಣು ಸುರಿದು ಮೇಲಿಂದ ತುಳಿದರೆ ಅಡಿಯಲ್ಲಿ ಸಂದು ಉಳಿದು, ಆ ಸಂದಿನಲ್ಲಿ ಮೊದಲು ಎಳೆಯಷ್ಟು, ಮತ್ತೆ ಬೆರಳಷ್ಟು ನೀರು ನುಗ್ಗಿ ಮೂರನೇ ದಿನಕ್ಕೆ ಕಟ್ಟ ಹೋಗುತ್ತದೆ. ನೀರಿನ ಬದಿಗೆ ಈಗ ಸಿಲ್ಪಾಲಿನ್ ಶೀಟು ಹೊದಿಸುತ್ತಾರೆ, ಕೆಲವು ಕಡೆ ಕಲ್ಲಿನ ಬದಲು ಹೊಯ್ಗೆ (ಮರಳು) ತುಂಬಿದ ಸಿಮೆಂಟು ಚೀಲ. ಚೀಲ ಬೇಗ ಏಳುತ್ತದೆ, ಆದರೆ ಮೇ ಕೊನೆಗೆ ಬಿಚ್ಚುವಾಗ ಯಾರೂ ಹೆಕ್ಕುವುದಿಲ್ಲ. ಜೂನ್‌ನಲ್ಲಿ ಅದೆಲ್ಲ ಹರಿದು ಕೆಳಗಿನವರ ಗದ್ದೆಗೆ. ಏಡಿ ತೂತು ಮಾಡಿ ಸೋರಲು ಶುರುವಾದರೆ ಸೋರುವ ಬದಿಗೆ ಮಣ್ಣು ಮೆತ್ತಿ ಪ್ರಯೋಜನವಿಲ್ಲ. ನೀರಿನ ಬದಿಯಲ್ಲಿ, ತೂತಿನ ನೇರಕ್ಕೆ ಸೊಪ್ಪು ಬೆರೆಸಿದ ಕೆಸರಿನ ಉಂಡೆ ಬಿಡಬೇಕು. ನೀರೇ ಅದನ್ನು ಎಳೆದುಕೊಂಡು ಹೋಗಿ ತೂತಿಗೆ ಸಿಕ್ಕಿಸುತ್ತದೆ.

ಪಂಚಾಯತಿನ ಕಿಂಡಿ ಅಣೆಕಟ್ಟಿಗೂ ಇದೇ ತತ್ವ. ಕಾಂಕ್ರೀಟು ಕಂಬಗಳ ಸೀಳಿನಲ್ಲಿ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಳಿಯುತ್ತಾರೆ. ಹಲಗೆ ಹಾಕುವ ದಿನವೇ ಎಲ್ಲ. ತುಲಾಮಳೆ ಮುಗಿಯುವ ಮುಂಚೆ ಹಾಕಿದರೆ ಒಂದು ಚಂಡಮಾರುತದ ಮಳೆಗೆ ದಡ ಒಡೆಯುತ್ತದೆ. ಜನವರಿಗೆ ಮುಂದೂಡಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಹಲಗೆ ಕಳೆದುಹೋದ, ಹಾಕಲು ಜನವಿಲ್ಲದ ಕಿಂಡಿಗಳು ತೋಡಿನುದ್ದಕ್ಕೆ ಸಿಗುತ್ತವೆ. ಅವು ಈಗ ಬರೀ ಕಾಲುಸಂಕ. ಕಟ್ಟ ನಿಂತಿತೋ ಇಲ್ಲವೋ ಎಂದು ತಿಳಿಯಲು ತೋಡು ನೋಡಬೇಕಿಲ್ಲ, ಮೇಲಿನ ಮನೆಯ ಬಾವಿಗೆ ಇಣುಕಿದರೆ ಸಾಕು. ಹದಿನೈದು ದಿನದಲ್ಲಿ ಒಂದೆರಡು ಮೆಟ್ಟಿಲು ನೀರು ಏರಿರುತ್ತದೆ.

ಮಣ್ಣಿನ ಕಟ್ಟದ ಮೇಲೆ ದಾಟುವುದಾದರೆ ಹಾಕಿ ಒಂದು ವಾರ ಕಳೆದಿರಬೇಕು, ನೀರು ಮೇಲಿಂದ ಉಕ್ಕುತ್ತಿರಬಾರದು. ಕಟ್ಟದ ಹಿಂದಿನ ನೀರು ಶಾಂತವಾಗಿ, ಅಡಿ ಕಾಣುವಷ್ಟು ತಿಳಿಯಾಗಿ, ಮೊಣಕಾಲಷ್ಟೇ ಇರುವ ಹಾಗೆ ಕಾಣುತ್ತದೆ. ಕೋಲು ಇಳಿಸಿ ನೋಡಿದರೆ ಕೋಲು ಮುಳುಗುತ್ತದೆ.

ಮಳೆಗಾಲದ ಕೊನೆಯಲ್ಲಿ ತೋಡಿನ ನಡುವೆ ಬಿಳಿ ಹೂ ಬಿಟ್ಟ ಗಡ್ಡೆಗಿಡ ಕಂಡರೆ ಕೀಳಬೇಡಿ. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಮುರಕಲ್ಲಿನ ತೋಡಿನಲ್ಲೇ ಬೆಳೆಯುವ ಇಂಥ ಒಂದನ್ನು 2012ರಲ್ಲಿ ಹೊಸ ಜಾತಿಯೆಂದು ಗುರುತಿಸಿದರು. ಪೆರಿಯ ಪೋಳತ್ತಾಳಿ ಎಂಬ ಹೆಸರಲ್ಲಿ ಈಗ ಅದು ಜಿಲ್ಲೆಯ ಹೂ.

ತೋಡಿನ ಬದಿ ಎಷ್ಟು ದೂರ ನಡೆಯಬೇಕೆಂಬುದನ್ನು ಕಾಲು ಕೇಳಿ ತೀರ್ಮಾನಿಸಬೇಡಿ, ಇದು ಎಲ್ಲರೂ ಮಾಡುವ ತಪ್ಪು. ನೆರಳು, ತಂಪು, ಸಮನೆಲ, ಕಾಲು ಎಲ್ಲಿಯವರೆಗೂ ಹೋಗೋಣ ಅನ್ನುತ್ತದೆ. ಆದರೆ ಬಸ್ಸು ಇರುವುದು ಗುಡ್ಡದ ಮೇಲೆ. ಇಳಿದಷ್ಟನ್ನೂ ಹತ್ತಬೇಕು, ಅದೂ ಕೊನೆಗೆ, ಬಿಸಿಲು ಏರಿದ ಮೇಲೆ. ಒಂದೂವರೆ ಕಿಲೋಮೀಟರ್ ಆದ ಕೂಡಲೇ ಮೇಲೆ ಹೋಗುವ ದಾರಿ ವಿಚಾರಿಸಿ. ಜೀಪು ಹೋಗುವ ಮಣ್ಣು ರಸ್ತೆ ಸಿಕ್ಕಿದರೆ ಅದನ್ನೇ ಹಿಡಿಯಿರಿ, ಸುತ್ತಾದರೂ ಏರು ಕಡಿಮೆ. ಒಳರಸ್ತೆಯ ಬಸ್ಸುಗಳಿಗೆ ಮಧ್ಯಾಹ್ನ ದೊಡ್ಡ ಬಿಡುವು ಇರುತ್ತದೆ, ಹೊರಡುವಾಗಲೇ ಅಂಗಡಿಯಲ್ಲಿ ಕೇಳಿ ಇಟ್ಟುಕೊಳ್ಳಿ. ಹತ್ತುವ ಮುಂಚೆ ಕೊನೆಯ ತೋಟದ ಪೈಪಿನಲ್ಲಿ ಕೇಳಿ ಕಾಲು ತೊಳೆದು, ಬೆರಳ ಸಂದು, ಹಿಮ್ಮಡಿಯ ಮೇಲೆ, ಮೊಣಕಾಲ ಹಿಂದೆ ಒಮ್ಮೆ ಕೈಯಾಡಿಸಿ. ಸೀಟಿನಲ್ಲಿ ಕೂತ ಮೇಲೆ ಉಂಬಳ ಸಿಕ್ಕಿದರೆ ಬಸ್ಸಿನವರಿಗೆಲ್ಲ ತಮಾಷೆ.